ದೊಡ್ಡಪ್ಪ ಸೋರುತ್ತಿದ್ದ ಜಾಗ

"ಬಂಕ್ ಓಪನ್ ಆಯ್ತು ಕಣ್ರೋ. ಯಾರಿಗೆ ಎಷ್ಟು ಲೀಟರ್ ಬೇಕೋ ಲೈನಲ್ಲಿ ಬನ್ನಿ."

ಹೀಗೆ ಕೂಗಿದವನು ಕೊನೆಯ ಬೆಂಚಿನ ಶಿಳ್ಳೆ. ಮುಂದಿನ ಎರಡು ಹಲ್ಲುಗಳ ನಡುವೆ ಸಂದು ಇದ್ದುದರಿಂದ ಅವನು ಏನು ಮಾತಾಡಿದರೂ ಜೊತೆಗೊಂದು ಶಿಳ್ಳೆ ಪುಕ್ಕಟೆಯಾಗಿ ಬರುತ್ತಿತ್ತು. ಕ್ಲಾಸಿನಲ್ಲಿ ಕಿಸಿಕಿಸಿ ನಗು ಎದ್ದಿತು. ಇಬ್ಬರು ಮೂಗು ಮುಚ್ಚಿಕೊಂಡರು. ಒಬ್ಬಳು ನೋಟ್‌ಬುಕ್ಕಿನಿಂದ ಗಾಳಿ ಬೀಸಿಕೊಂಡಳು.

ಬ್ಯಾಗ್ ಹಿಡಿದು ಬಾಗಿಲಲ್ಲಿ ನಿಂತಿದ್ದ ಕಡ್ಡಿ ಯಾರ ಮುಖವನ್ನೂ ನೋಡಲಿಲ್ಲ. ನೆಟ್ಟಗೆ ನಡೆದು ಕಿಟಕಿ ಪಕ್ಕದ ಎರಡನೇ ಬೆಂಚಿನಲ್ಲಿ ಕೂತಳು.

ಅವಳನ್ನು ಕಡ್ಡಿ ಅಂತ ಯಾಕೆ ಕರೆಯುತ್ತಾರೆ ಎಂದು ಕೇಳಬೇಕಾಗಿಲ್ಲ. ಅವಳ ಕೈ ನೋಡಿದರೆ ಸಾಕು. ವಾಚನ್ನು ಕೊನೆಯ ತೂತಿಗೆ ಬಿಗಿದು ಕಟ್ಟಿದರೂ ಅದು ಮೊಣಕೈವರೆಗೆ ಜಾರಿಕೊಂಡು ಹೋಗುತ್ತಿತ್ತು. ಅಂಥವಳಿಗೆ ಒಂದು ಇಡೀ ಬೆಂಚು ಯಾಕೆ ಬೇಕು? ಆದರೆ ಈಗ ಅವಳಿಗೆ ಇಡೀ ಬೆಂಚಿತ್ತು. ಆದರೂ ಅವಳು ಕಿಟಕಿಗೆ ಒತ್ತಿಕೊಂಡೇ ಕೂರುತ್ತಿದ್ದಳು, ಪಕ್ಕದಲ್ಲಿ ಇನ್ನೊಬ್ಬರಿಗೆ ಜಾಗ ಬಿಟ್ಟು.

ಆ ಜಾಗ ಗುಂಗುರುವಿನದು. ಬಾಚಣಿಗೆಗೆ ಬಗ್ಗದ ಗುಂಗುರು ಕೂದಲಿನ ಹುಡುಗಿ ಅವಳು. ಒಂದನೇ ಕ್ಲಾಸಿನಿಂದ ಕಡ್ಡಿಯ ಪಕ್ಕದಲ್ಲೇ ಕೂತವಳು. ಈಗ ಅವಳು ಗೋಡೆ ಪಕ್ಕದ ಬೆಂಚಿನಲ್ಲಿ ಇನ್ನಿಬ್ಬರ ಜೊತೆ ಕೂರುತ್ತಿದ್ದಳು.

ಶಿಳ್ಳೆಯ ಮಾತಿಗೆ ಗುಂಗುರು ನಗಲಿಲ್ಲ. ಈ ಕಡೆ ನೋಡಲೂ ಇಲ್ಲ. ತಲೆ ಬಗ್ಗಿಸಿಕೊಂಡು ಪೆನ್ಸಿಲ್ ಚೂಪು ಮಾಡುತ್ತಿದ್ದಳು. ಅಷ್ಟು ಹೊತ್ತು ಚೂಪು ಮಾಡಿದರೆ ಪೆನ್ಸಿಲ್ಲೇ ಮುಗಿದುಹೋಗುತ್ತದೆ.

ಕಡ್ಡಿ ಯೂನಿಫಾರ್ಮಿನ ತೋಳನ್ನು ಮೆಲ್ಲಗೆ ಮೂಗಿನ ಹತ್ತಿರ ತಂದು ಮೂಸಿದಳು. ಹೌದು, ಡೀಸೆಲ್ ವಾಸನೆ. 'ಇದೊಂದು ಹೋದರೆ ಸಾಕು, ಗುಂಗುರು ವಾಪಸ್ ಬಂದೇ ಬರ್ತಾಳೆ' ಅಂದುಕೊಂಡಳು.

* * *

ಆ ವಾಸನೆ ಬರುತ್ತಿದ್ದುದು ದೊಡ್ಡಪ್ಪನಿಂದ.

ದೊಡ್ಡಪ್ಪ ಅಂದರೆ ಮನುಷ್ಯ ಅಲ್ಲ, ಟ್ರ್ಯಾಕ್ಟರ್. ಅಪ್ಪ ಹುಟ್ಟುವುದಕ್ಕೆ ಎರಡು ವರ್ಷ ಮೊದಲೇ ಅಜ್ಜ ಅದನ್ನು ಮನೆಗೆ ತಂದಿದ್ದರು. ಹಾಗಾಗಿ ಅಪ್ಪ ಅದನ್ನು 'ಅಣ್ಣ' ಎನ್ನುತ್ತಿದ್ದ. ಅಪ್ಪನ ಅಣ್ಣ ಅಂದಮೇಲೆ ಕಡ್ಡಿಗೆ ದೊಡ್ಡಪ್ಪನೇ ಆಗಬೇಕಲ್ಲ. ಅಮ್ಮ ಮಾತ್ರ ಅದನ್ನು ಭಾವ ಎಂದು ಕರೆಯಲು ಸುತರಾಂ ಒಪ್ಪಿರಲಿಲ್ಲ. "ಮುಖದ ಮೇಲೆ ಹೊಗೆ ಬಿಡೋ ಭಾವ ನನಗೆ ಬೇಡಪ್ಪಾ" ಎಂದಿದ್ದಳು.

ಒಂದು ಕಾಲದಲ್ಲಿ ದೊಡ್ಡಪ್ಪನ ಬಣ್ಣ ಕೆಂಪು. ಈಗ ಯಾವ ಬಣ್ಣ ಎಂದು ಹೇಳುವುದು ಕಷ್ಟ. ಆದರೂ ದಿನಾ ಬೆಳಿಗ್ಗೆ ಕೆಮ್ಮಿ ಕ್ಯಾಕರಿಸಿ ಎದ್ದು, ಅಪ್ಪನನ್ನು ಕೂರಿಸಿಕೊಂಡು ಯಾರ್ಯಾರದೋ ಹೊಲ ಉಳುವುದಕ್ಕೆ ಹೋಗುತ್ತಿತ್ತು. ಸಂಜೆ ವಾಪಸ್ ಬಂದು ಮನೆಗೆ ಅಂಟಿಕೊಂಡಿದ್ದ ಶೆಡ್ಡಿನಲ್ಲಿ ನಿಂತರೆ ಸೋರುವುದಕ್ಕೆ ಶುರು. ಡೀಸೆಲ್ ಟ್ಯಾಂಕಿನ ಅಡಿಯಲ್ಲಿ ಒಂದು ಪುಟ್ಟ ನಲ್ಲಿ ಇತ್ತು. ಅದರ ತುದಿಯಿಂದ ಹನಿ ಬೀಳುತ್ತಿತ್ತು. ಕೆಳಗೆ ಅಪ್ಪ ತಗಡಿನ ತಟ್ಟೆ ಇಟ್ಟಿದ್ದ.

ತೊಟ್. ತೊಟ್. ತೊಟ್.

ಮನೆಯಲ್ಲಿ ಈಗ ಎಲ್ಲರಿಗಿಂತ ಹೆಚ್ಚು ಮಾತಾಡುತ್ತಿದ್ದುದು ಆ ತಟ್ಟೆಯೇ. ಅಮ್ಮ ಇದ್ದಾಗ ಹೀಗಿರಲಿಲ್ಲ. ಅಮ್ಮ ಪಾತ್ರೆ ತೊಳೆಯುವಾಗಲೂ ಮಾತು, ಬಟ್ಟೆ ಮಡಚುವಾಗಲೂ ಮಾತು. ಮೂರು ತಿಂಗಳ ಹಿಂದೆ ಅವಳು ದೂರದ ಊರಿನ ಆಸ್ಪತ್ರೆಯಲ್ಲಿ ನರ್ಸ್ ಕೆಲಸಕ್ಕೆ ಸೇರಿದಳು. "ರಜೆ ಸಿಕ್ಕಿದ ತಕ್ಷಣ ಓಡಿ ಬರ್ತೀನಿ" ಎಂದು ಹೇಳಿ ಬಸ್ ಹತ್ತಿದಳು. ರಜೆ ಇನ್ನೂ ಸಿಕ್ಕಿರಲಿಲ್ಲ.

ಅಪ್ಪನೋ, ಮೊದಲಿನಿಂದಲೂ ಬಾಯಿಗೆ ಬೀಗ ಹಾಕಿಕೊಂಡವನ ಹಾಗೆ. ದಿನಕ್ಕೆ ಹತ್ತು ಮಾತಾಡಿದರೆ ಅದರಲ್ಲಿ ಆರು ಟ್ರ್ಯಾಕ್ಟರಿನ ಜೊತೆಗೆ. ಅಡುಗೆ, ಪಾತ್ರೆ, ಬಟ್ಟೆ ಎಲ್ಲ ಅವನ ತಲೆಗೆ ಬಂದಿತ್ತು. ಅಮ್ಮ ಹೋಗಿ ಒಂದು ವಾರಕ್ಕೆ ಮೊದಲ ಸಲ ರಾಶಿ ಬಟ್ಟೆ ಒಗೆದು, ಮಹಡಿಗೆ ಹೊತ್ತುಕೊಂಡು ಹೋಗಲು ಬೇಸರವಾಗಿ, ಶೆಡ್ಡಿನಲ್ಲೇ ಹಗ್ಗ ಕಟ್ಟಿ ಒಣಗಹಾಕಿದ್ದ. ಅಂದಿನಿಂದ ಕಡ್ಡಿಯ ಯೂನಿಫಾರ್ಮ್ ದೊಡ್ಡಪ್ಪನ ತಲೆಯ ಮೇಲೆಯೇ ಒಣಗುತ್ತಿತ್ತು.

ಆ ಸಂಜೆ ಅಪ್ಪ ನಲ್ಲಿಯನ್ನು ಬಿಚ್ಚಿ ಒಳಗಿನ ವಾಷರ್ ಬದಲಾಯಿಸುತ್ತಿದ್ದ. ಇದು ಮೂರನೇ ವಾಷರ್. ಹೋದ ವಾರ ಬಟ್ಟೆ ಸೋಪನ್ನು ಮೆತ್ತಗೆ ನಾದಿ ನಲ್ಲಿಯ ಬುಡಕ್ಕೆ ಮೆತ್ತಿದ್ದ. ಎರಡು ದಿನ ನಿಂತ ಹಾಗೆ ಮಾಡಿ ಮತ್ತೆ ಸೋರಿತ್ತು.

"ಅಪ್ಪಾ, ಸರಿಹೋಯ್ತಾ?"

"ಹೂಂ."

ಅಷ್ಟು ಹೇಳಿ ಅಪ್ಪ ಎದ್ದು ನಿಂತ. ಇಬ್ಬರೂ ತಟ್ಟೆಯನ್ನು ನೋಡಿದರು.

ತೊಟ್.

"ಇಲ್ಲ ಬಿಡು," ಎಂದ ಅಪ್ಪ.

ಕಡ್ಡಿಗೆ ಎಲ್ಲಿಂದ ಸಿಟ್ಟು ಬಂತೋ ಗೊತ್ತಿಲ್ಲ. "ನಾನು ಸ್ಕೂಲಿಗೆ ಹೋಗಲ್ಲ," ಎಂದು ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟಳು. "ದೊಡ್ಡಪ್ಪ ಸರಿಹೋಗೋವರೆಗೂ ಹೋಗಲ್ಲ. ಎಲ್ಲರೂ ನನ್ನನ್ನ ಬಂಕ್ ಅಂತಾರೆ. ನನ್ನ ಪಕ್ಕ ಯಾರೂ ಕೂರಲ್ಲ."

ಅಪ್ಪನ ಕೈಯಲ್ಲಿದ್ದ ಸ್ಪ್ಯಾನರ್ ಅಲ್ಲೇ ನಿಂತಿತು. "ಗುಂಗುರೂನೂ ಕೂರಲ್ವಾ?"

ಕಡ್ಡಿ ತಲೆ ಅಲ್ಲಾಡಿಸಿದಳು. ಅಪ್ಪ ಮಗಳ ಹತ್ತಿರ ಬಂದು ಅವಳ ಭುಜವನ್ನು ಮೂಸಿದ. ಆಮೇಲೆ ತನ್ನ ಅಂಗಿಯನ್ನೇ ಮೂಸಿಕೊಂಡ.

"ನನ್ನ ಮೂಗು ಕೆಟ್ಟುಹೋಗಿದೆ ಕಣೇ," ಎಂದ ಮೆತ್ತಗೆ. "ನಂಗೆ ಏನೂ ಗೊತ್ತಾಗ್ತಿಲ್ಲ. ನಾಡಿದ್ದು ಭಾನುವಾರ ಬೆಸುಗೆ ತಾತನ್ನ ಕರೀತೀನಿ. ನಾಳೆ ಒಂದಿನ ಹೋಗಿ ಬಾ."

ಅಷ್ಟರಲ್ಲಿ ಫೋನ್ ಬಂತು. ದಿನಾ ಏಳಕ್ಕೆ ಅಮ್ಮನ ಫೋನ್. ಅಪ್ಪನ ಕೈ ಕೊಳೆಯಾಗಿದ್ದರಿಂದ ಕಡ್ಡಿಯೇ ಎತ್ತಿದಳು.

"ಕಂದಾ, ಊಟ ಆಯ್ತಾ?"

"ಹೂಂ."

"ಹೋಮ್‌ವರ್ಕ್?"

"ಹೂಂ."

"ಗುಂಗುರು ಹೇಗಿದ್ದಾಳೆ? ಅವಳಿಗೆ ನಾನು ಕೇಳಿದೆ ಅಂತ ಹೇಳಿದ್ಯಾ?"

ಕಡ್ಡಿ ಟ್ರ್ಯಾಕ್ಟರಿನ ದೊಡ್ಡ ಚಕ್ರಕ್ಕೆ ಅಂಟಿದ್ದ ಒಣ ಮಣ್ಣನ್ನು ಉಗುರಿನಿಂದ ಕೆರೆಯುತ್ತಾ, "ಹೇಳ್ದೆ. ಚೆನ್ನಾಗಿದ್ದಾಳೆ," ಎಂದಳು. ಇನ್ನೊಂದು ಮಾತಾಡಿದರೆ ಅಳು ಬರುತ್ತದೆ ಎಂದು ಅಪ್ಪನ ಕಿವಿಗೆ ಫೋನ್ ಹಿಡಿದಳು.

ಅಪ್ಪನೂ ಹೂಂ, ಹೂಂ ಎಂದ. ಈ ಮನೆಯವರ ಹೂಂಗಳನ್ನೆಲ್ಲ ಕೂಡಿಸಿಟ್ಟರೆ ಒಂದು ಮೂಟೆ ಆಗುತ್ತಿತ್ತು.

* * *

ಭಾನುವಾರ ಬೆಳಿಗ್ಗೆ ಬೆಸುಗೆ ತಾತ ಸೈಕಲ್ಲಿನಲ್ಲಿ ಬಂದರು. ಸೋರುವ ಕೊಡ, ಮುರಿದ ಹಿಡಿಕೆ, ತೂತಾದ ಟ್ಯಾಂಕು, ಏನಿದ್ದರೂ ಬೆಸುಗೆ ಹಾಕುವುದು ಅವರ ಕೆಲಸ. ಎಪ್ಪತ್ತು ದಾಟಿದ ತಾತನ ಕೈ ಗಟ್ಟಿಯಾಗಿಯೇ ಇತ್ತು, ಕಣ್ಣು ಮಾತ್ರ ಕೈಕೊಟ್ಟಿತ್ತು. ಸೋಡಾ ಬಾಟಲಿಯ ತಳದಂಥ ಕನ್ನಡಕ ಹಾಕುತ್ತಿದ್ದರು.

"ಏನಪ್ಪಾ, ನಿಮ್ಮಣ್ಣನಿಗೆ ಏನಾಯ್ತು?"

"ಒಂದೇ ಸಮ ಸೋರ್ತಿದೆ ತಾತ. ನಲ್ಲಿ ಕೆಟ್ಟುಹೋಗಿದೆ. ಮೂರು ವಾಷರ್ ಬದಲಾಯಿಸ್ದೆ, ಸೋಪ್ ಮೆತ್ತಿದೆ, ಏನು ಮಾಡಿದ್ರೂ ನಿಲ್ತಿಲ್ಲ. ಹೊಸ ನಲ್ಲಿ ಬೆಸೆದುಬಿಡಿ."

ತಾತ ಬಾನೆಟ್ ಎತ್ತಿಸಿದರು. ಬಗ್ಗಿ ನಲ್ಲಿಯನ್ನು ಮುಟ್ಟಿ ನೋಡಿದರು. ಬೆರಳನ್ನು ಒರೆಸಿಕೊಂಡು ಮತ್ತೆ ಮುಟ್ಟಿದರು. "ಇದು ಕೆಟ್ಟಿದೆ ಅಂತ ಯಾರು ಹೇಳಿದ್ದು?"

"ಹನಿ ಬೀಳ್ತಿರೋದು ಅಲ್ಲಿಂದಲೇ ಅಲ್ವಾ?"

"ನಿನ್ನ ಕಣ್ಣೀರು ಗಲ್ಲದಿಂದ ಕೆಳಗೆ ಬೀಳುತ್ತೆ. ಹಾಗಂತ ಗಲ್ಲಕ್ಕೆ ಡಾಕ್ಟರ್ ಹತ್ರ ಔಷಧಿ ಹಾಕಿಸ್ತೀಯಾ?"

ಅಪ್ಪ ತಲೆ ಕೆರೆದುಕೊಂಡ. ಕಡ್ಡಿಗೆ ನಗು ಬಂತು. ಎಷ್ಟೋ ದಿನದ ಮೇಲೆ ಬಂದ ನಗು. ಅವಳಿಗೇ ಆಶ್ಚರ್ಯವಾಯಿತು.

"ಎಲ್ಲೋ ಮೇಲೆ ಸೋರ್ತಿದೆ," ಎಂದರು ತಾತ. "ಟ್ಯಾಂಕಿನ ಮೈಮೇಲೇ ಇಳಿದು ಬಂದು, ಅತ್ಯಂತ ಕೆಳಗಿರೋ ಈ ನಲ್ಲಿ ತುದಿಯಲ್ಲಿ ತೊಟ್ಟಿಕ್ತಿದೆ. ಪಾಪ, ಮಾಡದ ತಪ್ಪಿಗೆ ನಲ್ಲಿಗೆ ಮೂರು ಸಲ ಆಪರೇಷನ್. ಈಗ ಸೋರೋ ಜಾಗ ಹುಡುಕ್ಬೇಕು. ಚಾಕ್‌ಪೀಸ್ ಇದ್ಯಾ ಮನೇಲಿ?"

"ಚಾಕ್‌ಪೀಸಾ?" ಎಂದಳು ಕಡ್ಡಿ.

"ಹೂಂ ಮರೀ. ಪುಡಿ ಮಾಡಿ, ನೀರಲ್ಲಿ ಕಲಸಿ, ಟ್ಯಾಂಕಿಗೆಲ್ಲ ಬಳಿದು ಒಣಗಿಸಬೇಕು. ಎಣ್ಣೆ ತಾಗಿದ ಕಡೆ ಬಿಳಿ ಹೋಗಿ ಕಪ್ಪಾಗುತ್ತೆ. ಒಂದೆರಡು ಸಾಲಲ್ಲ, ಒಂದು ಬಟ್ಟಲು ಪುಡಿ ಬೇಕು. ಇಲ್ಲಾಂದ್ರೆ ನಾಳೆ ಅಂಗಡಿ ತೆಗೆದ ಮೇಲೆ ತಂದಿಡು, ಮುಂದಿನ ಭಾನುವಾರ ಬರ್ತೀನಿ."

ಮುಂದಿನ ಭಾನುವಾರ ಅಂದರೆ ಇನ್ನೂ ಒಂದು ವಾರ ಬಂಕ್.

ಕಡ್ಡಿ ಒಳಗೆ ಹೋದಳು. ಮಂಚದ ಕೆಳಗಿಂದ ಒಂದು ಬಿಸ್ಕೆಟ್ ಡಬ್ಬಿಯನ್ನು ಎಳೆದು ತೆಗೆದಳು. ತುಂಬ ಹೊತ್ತು ಮುಚ್ಚಳ ತೆಗೆಯದೆ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಳು.

ಡಬ್ಬಿಯ ತುಂಬ ಚಾಕ್‌ಪೀಸ್ ಚೂರುಗಳು. ಮಿಸ್ ಬರೆದು ಬಿಟ್ಟ ಚೂರುಗಳನ್ನು ಎರಡನೇ ಕ್ಲಾಸಿನಿಂದ ಕಡ್ಡಿ ಮತ್ತು ಗುಂಗುರು ಹೆಕ್ಕಿ ಹೆಕ್ಕಿ ಕೂಡಿಟ್ಟಿದ್ದರು. ಡಬ್ಬಿ ತುಂಬಿದ ದಿನ ಸ್ಕೂಲ್ ಗೇಟಿನಿಂದ ಗುಂಗುರು ಮನೆ ದಾಟಿ ಕಡ್ಡಿಯ ಮನೆಯವರೆಗೆ, ಎಲ್ಲೂ ತುಂಡಾಗದ ಹಾಗೆ ಒಂದೇ ಗೆರೆ ಎಳೆಯಬೇಕು ಅನ್ನುವುದು ಅವರ ಪ್ಲಾನ್. ಡಬ್ಬಿ ಒಂದು ತಿಂಗಳು ಇವಳ ಮನೆಯಲ್ಲಿ, ಒಂದು ತಿಂಗಳು ಅವಳ ಮನೆಯಲ್ಲಿ. ಗುಂಗುರು ಬೆಂಚು ಬಿಟ್ಟು ಹೋದಾಗ ಡಬ್ಬಿ ಕಡ್ಡಿಯ ಹತ್ತಿರ ಇತ್ತು. ಆಮೇಲೆ ಗುಂಗುರುವಿನ ಟರ್ನ್ ಬಂದು ಹೋಯಿತು. ಅವಳು ಕೇಳಲಿಲ್ಲ, ಇವಳು ಕೊಡಲಿಲ್ಲ. ಡಬ್ಬಿ ತುಂಬಲು ಇನ್ನು ಒಂದೇ ಬೆರಳಷ್ಟು ಬಾಕಿ ಇತ್ತು.

'ವಾಸನೆ ಹೋಗಬೇಕು ಅಂದ್ರೆ ಇದು ಬೇಕು. ವಾಸನೆ ಹೋದರೆ ಗುಂಗುರು ಬರ್ತಾಳೆ. ಬಂದಮೇಲೆ ಮತ್ತೆ ಕೂಡಿಡಬಹುದು' ಎಂದು ಕಡ್ಡಿ ತನಗೆ ತಾನೇ ಲೆಕ್ಕ ಹೇಳಿಕೊಂಡಳು. ಲೆಕ್ಕ ಸರಿಯಾಗೇ ಇತ್ತು. ಆದರೂ ಮುಚ್ಚಳವನ್ನು ಒಮ್ಮೆ ತೆಗೆದು, ಮತ್ತೆ ಮುಚ್ಚಿ, ಮತ್ತೆ ತೆಗೆದಳು.

ಒಂದೇ ಒಂದು ನೀಲಿ ಚೂರು ಇತ್ತು. ಅದು ಗುಂಗುರುವಿಗೆ ಸಿಕ್ಕಿದ್ದು, ಅವಳಿಗೆ ಬಹಳ ಇಷ್ಟವಾದದ್ದು. ಅದನ್ನು ಮಾತ್ರ ಡಬ್ಬಿಯಲ್ಲೇ ಬಿಟ್ಟು, ಉಳಿದದ್ದನ್ನೆಲ್ಲ ಕಾಗದದ ಮೇಲೆ ಸುರಿದು, ಲೋಟದ ತಳದಿಂದ ಕುಟ್ಟಿ ಪುಡಿ ಮಾಡಿದಳು.

* * *

ಟ್ಯಾಂಕಿನಲ್ಲಿದ್ದ ಡೀಸೆಲನ್ನು ಕ್ಯಾನಿಗೆ ಇಳಿಸಿ, ಮೈಯನ್ನೆಲ್ಲ ಸೋಪು ನೀರಿನಲ್ಲಿ ಒರೆಸಿ, ಅಪ್ಪ ಬ್ರಷ್ಷಿನಿಂದ ಬಿಳಿ ಬಳಿದ. ಆದರೆ ಟ್ಯಾಂಕಿನ ಹಿಂಭಾಗಕ್ಕೂ ಸ್ಟೀರಿಂಗ್ ಮುಂದಿನ ತಗಡಿಗೂ ನಡುವೆ ಕಿರಿದಾದ ಸಂದಿ. ಅಪ್ಪನ ಮುಷ್ಟಿ ಅಲ್ಲಿಗೆ ಹೋಗಲಿಲ್ಲ. ತಾತನ ಕೈ ಹೋಯಿತು, ಆದರೆ ಅವರ ಕಣ್ಣಿಗೆ ಅಲ್ಲಿ ಏನೂ ಕಾಣಲಿಲ್ಲ.

"ಇಲ್ಲಿಗೆ ಕಡ್ಡೀನೇ ಬೇಕು," ಎಂದ ಅಪ್ಪ.

ಕಡ್ಡಿ ಸೀಟಿನ ಮುಂದೆ ಮಂಡಿಯೂರಿ, ಒಂದು ಕೈಯಲ್ಲಿ ಟಾರ್ಚ್, ಇನ್ನೊಂದು ಕೈಯಲ್ಲಿ ಬ್ರಷ್ ಹಿಡಿದು ಸಂದಿಯೊಳಗೆ ತೂರಿಸಿದಳು. ವಾಚ್ ಮೊಣಕೈಗೆ ಜಾರಿತು. ಅಲ್ಲಿ ಟ್ಯಾಂಕನ್ನು ಬಿಗಿದು ಹಿಡಿದಿದ್ದ ಕಬ್ಬಿಣದ ಪಟ್ಟಿಯೊಂದು ಇತ್ತು. ಪಟ್ಟಿಯ ಎರಡೂ ಕಡೆ ಬಿಳಿ ಬಳಿದಳು.

ಒಣಗಿದ ಮೇಲೆ ಅಪ್ಪ ಟ್ಯಾಂಕಿಗೆ ಡೀಸೆಲ್ ತುಂಬಿದ. ದೊಡ್ಡಪ್ಪ ಮುಖದ ತುಂಬ ಪೌಡರ್ ಬಳಿದುಕೊಂಡು ಫೋಟೋಗೆ ನಿಂತ ಹಾಗೆ ಕಾಣುತ್ತಿತ್ತು.

"ಈಗ ಕಣ್ಣಲ್ಲಿ ಎಣ್ಣೆ ಬಿಟ್ಕೊಂಡು ನೋಡ್ತಿರಬೇಕು ಮರೀ," ಎಂದರು ತಾತ. "ಡೀಸೆಲ್ ಅಲ್ಲ ಮತ್ತೆ."

"ಏನು ನೋಡ್ಬೇಕು ತಾತ?"

"ತೊಟ್ಟಿಕ್ಕೋ ಜಾಗ ನೋಡಬೇಡ. ಎಲ್ಲಕ್ಕಿಂತ ಮೊದಲು ಎಲ್ಲಿ ಒದ್ದೆ ಆಗುತ್ತೆ, ಅದನ್ನ ನೋಡು. ಆಮೇಲೆ ಒದ್ದೆ ಆಗಿದ್ದೆಲ್ಲ ಬರೀ ದಾರಿ."

ಕಡ್ಡಿ ಸಂದಿಗೆ ಟಾರ್ಚ್ ಬಿಟ್ಟು ಕೂತಳು. ಹತ್ತು ನಿಮಿಷವಾಯಿತು, ಕಾಲು ಜೋಮು ಹಿಡಿಯಿತು. ಆಗ ಪಟ್ಟಿಯ ಅಂಚಿನಲ್ಲಿ ಸಾಸಿವೆ ಕಾಳಿನಷ್ಟು ಒಂದು ಕಪ್ಪು ಚುಕ್ಕೆ ಕಾಣಿಸಿತು. ನೋಡುತ್ತಿದ್ದ ಹಾಗೇ ಅದು ಬಟಾಣಿಯಷ್ಟಾಯಿತು. ಆಮೇಲೆ ಅದಕ್ಕೊಂದು ಬಾಲ ಬಂತು. ಬಾಲ ಮೆಲ್ಲಮೆಲ್ಲಗೆ ಟ್ಯಾಂಕಿನ ತಗಡು ಕೂಡಿಸಿದ ಹೊಲಿಗೆಯ ಗುಂಟ ಇಳಿಯುತ್ತಾ, ಸುತ್ತು ಹಾಕಿ, ಮುಂದೆ ಬಂದು ನಲ್ಲಿಯ ತುದಿ ಸೇರಿತು.

ತೊಟ್.

"ತಾತ, ಇಲ್ಲಿ. ಪಟ್ಟಿ ಕೆಳಗೆ. ಹಿಂದೆ."

ಟ್ಯಾಂಕನ್ನು ಖಾಲಿ ಮಾಡಿ ಕೆಳಗಿಳಿಸಿ ಪಟ್ಟಿ ಬಿಚ್ಚಿದರು. ಪಟ್ಟಿಯ ಅಡಿಗಿದ್ದ ಹಳೇ ರಬ್ಬರ್ ನೀರು ಕುಡಿದು ಕುಡಿದು, ಆ ಜಾಗ ತುಕ್ಕು ಹಿಡಿದು ಸೂಜಿ ಮೊನೆಯಷ್ಟು ತೂತಾಗಿತ್ತು.

"ಎಷ್ಟು ಚಿಕ್ಕದು," ಎಂದಳು ಕಡ್ಡಿ.

"ಎಷ್ಟು ವರ್ಷ ಮುಚ್ಚಿಕೊಂಡಿತ್ತು ನೋಡು," ಎಂದರು ತಾತ. ಆಮೇಲೆ ತಲೆಯೆತ್ತಿ ಹಗ್ಗದ ಮೇಲಿದ್ದ ಬಟ್ಟೆಗಳನ್ನು ನೋಡಿ, "ಅಲ್ಲಪ್ಪಾ, ಡೀಸೆಲ್ ಟ್ಯಾಂಕ್ ಮೇಲೆ ಮಗು ಬಟ್ಟೆ ಒಣಗಿಸ್ತಾರಾ ಯಾರಾದ್ರೂ?" ಎಂದರು.

ಅಪ್ಪನ ಕಿವಿ ಕೆಂಪಾಯಿತು. "ಅವಳಮ್ಮ ಮಹಡಿ ಮೇಲೆ ಹಾಕ್ತಿದ್ಲು," ಎಂದ. "ನಾನು... ತೋಚಲಿಲ್ಲ ತಾತ." ಆಮೇಲೆ ಏಣಿ ಇಟ್ಟು ಹತ್ತಿ, ಹಗ್ಗವನ್ನು ತಾನೇ ಬಿಚ್ಚಿದ.

ಟ್ಯಾಂಕನ್ನು ಅಂಗಳಕ್ಕೆ ಒಯ್ದು, ಬಿಸಿನೀರಿಗೆ ವಾಷಿಂಗ್ ಸೋಡಾ ಹಾಕಿ ಮೂರು ಸಲ ತೊಳೆದರು. ತೂತಿನ ಸುತ್ತ ತುಕ್ಕು ಕೆರೆದು ಹೊಳೆಯುವ ಹಾಗೆ ಮಾಡಿದರು. ತೂತು ಮೇಲೆ ಬರುವಂತೆ ಟ್ಯಾಂಕನ್ನು ಮಲಗಿಸಿ, ತೂತಿಗಿಂತ ಎರಡು ಬೆರಳು ಕೆಳಗಿನವರೆಗೆ ನೀರು ತುಂಬಿಸಿದರು.

"ನೀರು ಯಾಕೆ?" ಎಂದಳು ಕಡ್ಡಿ.

"ಒಳಗೆ ಡೀಸೆಲ್ ಆವಿಗೆ ಜಾಗ ಇರಬಾರದು, ಬೆಂಕಿ ಜೊತೆ ಹುಡುಗಾಟ ಅಲ್ಲ. ಇನ್ನು ನೀನು ಇಲ್ಲಿರೋ ಹಾಗಿಲ್ಲ. ಮಹಡಿಗೆ ಹೋಗು."

ಕಡ್ಡಿ ಯೂನಿಫಾರ್ಮನ್ನು ಎರಡು ಸಲ ಸೋಪು ಹಾಕಿ ಒಗೆದು, ಹಗ್ಗದ ಜೊತೆ ಮಹಡಿಗೆ ಒಯ್ದಳು. ಅಮ್ಮ ಹಗ್ಗ ಕಟ್ಟುತ್ತಿದ್ದ ಮೊಳೆಗಳು ಇನ್ನೂ ಅಲ್ಲೇ ಇದ್ದವು. ತುದಿಗಾಲಲ್ಲಿ ನಿಂತು ಕಟ್ಟಿದಳು. ಅಮ್ಮನ ಕ್ಲಿಪ್ಪುಗಳು ಒಂದು ಮೂಲೆಯಲ್ಲಿ, ಧೂಳು ಹಿಡಿದ ಬುಟ್ಟಿಯಲ್ಲಿ ಬಿದ್ದಿದ್ದವು.

ಅಲ್ಲಿಂದ ನೋಡಿದರೆ ಬೀದಿ ಕಾಣುತ್ತಿತ್ತು. ಮೂರನೇ ತಿರುವಿನಲ್ಲಿ ಗುಂಗುರು ಮನೆಯ ಹಸಿರು ಬಾಗಿಲು. ಅದರ ಮುಂದೆ ಯಾರೋ ಹುಡುಗಿಯರು ಸ್ಕಿಪ್ಪಿಂಗ್ ಆಡುತ್ತಿದ್ದರು. ಯಾರು ಎಂದು ಇಲ್ಲಿಂದ ಗೊತ್ತಾಗುತ್ತಿರಲಿಲ್ಲ, ನಗು ಮಾತ್ರ ಕೇಳುತ್ತಿತ್ತು. ಕಡ್ಡಿ ಒದ್ದೆ ಯೂನಿಫಾರ್ಮಿನ ಪಕ್ಕದಲ್ಲಿ, ಯಾರೂ ಇಲ್ಲದ ಮಹಡಿಯಲ್ಲಿ, ಬಹಳ ಹೊತ್ತು ನಿಂತಿದ್ದಳು. ಇಷ್ಟೊಂದು ಒಂಟಿ ಎಂದು ಅವಳಿಗೆ ಕ್ಲಾಸಿನಲ್ಲೂ ಅನ್ನಿಸಿರಲಿಲ್ಲ.

ಕೆಳಗೆ ಬಂದಾಗ ತೂತಿನ ಜಾಗದಲ್ಲಿ ಬೆಳ್ಳಿಯಂಥ ಒಂದು ಪುಟ್ಟ ಮಚ್ಚೆ ಹೊಳೆಯುತ್ತಿತ್ತು. ಟ್ಯಾಂಕಿನ ನೀರನ್ನು ಚೆಲ್ಲಿ, ಸಂಜೆಯವರೆಗೂ ಬಿಸಿಲಿಗೆ ಒಣಗಿಸಿ, ಹೊಸ ರಬ್ಬರ್ ಇಟ್ಟು, ಪಟ್ಟಿ ಬಿಗಿದು ಕೂರಿಸಿದರು. ಉಳಿದ ಚಾಕ್‌ಪೀಸ್ ಪುಡಿಯನ್ನು ಕಡ್ಡಿ ಆ ಪಟ್ಟಿಯ ಎರಡೂ ಬದಿಗೆ ಬಳಿದಳು, ಒಣಗಿದ ಮೇಲೆ ಅಪ್ಪ ಡೀಸೆಲ್ ತುಂಬಿದ.

ಸೋಮವಾರ ಬೆಳಿಗ್ಗೆ ಎದ್ದವಳೇ ಶೆಡ್ಡಿಗೆ ಓಡಿದಳು. ಬಿಳಿ ಬಿಳಿಯಾಗೇ ಇತ್ತು. ತಟ್ಟೆ ಒಣಗಿತ್ತು. ಅಪ್ಪ ಅವಳಿಗಿಂತ ಮೊದಲೇ ಬಂದು ಅಲ್ಲಿ ನಿಂತಿದ್ದ.

"ನಿಮ್ಮ ದೊಡ್ಡಪ್ಪ ಸುಮ್ಮನಾದ," ಎಂದ. ಬಗ್ಗಿ ಅವಳ ಭುಜವನ್ನು ಮೂಸಿ, "ನನ್ನ ಮೂಗನ್ನ ನಂಬಬೇಡ. ಆದ್ರೂ ಸೋಪಿನ ವಾಸನೆ ಅನ್ನಿಸ್ತಿದೆ," ಎಂದ.

* * *

ಬಾಗಿಲಲ್ಲಿ ಶಿಳ್ಳೆ ಎದುರಾದ. ಮೂಗು ಮುಂದೆ ಮಾಡಿ ಒಮ್ಮೆ ಎಳೆದುಕೊಂಡ, ಇನ್ನೊಮ್ಮೆ ಎಳೆದುಕೊಂಡ. "ಬಂಕ್‌ಗೆ ಇವತ್ತು ರಜಾನಾ?" ಎಂದು ಕೇಳಿ, ಯಾರೂ ನಗದಿದ್ದಾಗ ತನ್ನ ಬೆಂಚಿಗೆ ಹೋಗಿ ಕೂತ.

ಕಡ್ಡಿ ಕಿಟಕಿಗೆ ಒತ್ತಿಕೊಂಡು ಕೂತಳು. ಪಕ್ಕದ ಜಾಗವನ್ನು ಕೈಯಿಂದ ಒರೆಸಿಟ್ಟಳು. ಬಾಗಿಲನ್ನೇ ನೋಡುತ್ತಿದ್ದಳು.

ಗುಂಗುರು ಬಂದಳು. ಕಡ್ಡಿಯ ಬೆಂಚಿನ ಪಕ್ಕದಲ್ಲೇ ಹಾದಳು. ಸೋಪಿನ ವಾಸನೆ ಅವಳಿಗೆ ಬಂದೇ ಇರಬೇಕು. ಆದರೂ ನಿಲ್ಲಲಿಲ್ಲ. ಗೋಡೆ ಪಕ್ಕಕ್ಕೆ ಹೋಗಿ ಕೂತು ಪೆನ್ಸಿಲ್ ತೆಗೆದಳು.

ಮೊದಲ ಪೀರಿಯಡ್ ಮುಗಿಯಿತು. ಎರಡನೆಯದೂ ಮುಗಿಯಿತು. ಯಾರೂ ಬರಲಿಲ್ಲ.

ಮಿಸ್ ಬೋರ್ಡಿನ ಮೇಲೆ ಭಿನ್ನರಾಶಿ ಬರೆಯುತ್ತಿದ್ದರು. ಕಡ್ಡಿಯ ಕಣ್ಣು ಬೋರ್ಡಿನ ಮೇಲಿತ್ತು, ತಲೆ ಶೆಡ್ಡಿನಲ್ಲಿತ್ತು. ವಾಷರ್ ಬದಲಾಯಿಸಿಯೂ ಮತ್ತೆ ತೊಟ್ ಎಂದಾಗ ಅಪ್ಪನ ಮುಖ ಹೇಗಾಗಿತ್ತೋ, ಈಗ ಅವಳ ಮುಖವೂ ಹಾಗೇ ಆಗಿತ್ತು. ವಾಸನೆ ಹೋಯಿತು. ಡಬ್ಬಿಯೂ ಖಾಲಿಯಾಯಿತು. ಬೆಂಚು ಮಾತ್ರ ಹಾಗೇ ಇದೆ.

'ಎಲ್ಲಕ್ಕಿಂತ ಮೊದಲು ಎಲ್ಲಿ ಒದ್ದೆ ಆಗುತ್ತೆ, ಅದನ್ನ ನೋಡು.'

ಕಡ್ಡಿ ಹಿಂದಕ್ಕೆ ಹಿಂದಕ್ಕೆ ನೆನಪು ಮಾಡಿಕೊಂಡಳು. ಶಿಳ್ಳೆ ಬಂಕ್ ಅಂದದ್ದು ಹೋದ ತಿಂಗಳಿನಿಂದ. ಅದಕ್ಕೆ ಮೊದಲು ಅಪ್ಪ ಹಗ್ಗ ಕಟ್ಟಿದ. ಹಗ್ಗ ಕಟ್ಟಿದ್ದು ಅಮ್ಮ ಹೋದ ಒಂದು ವಾರಕ್ಕೆ. ಆದರೆ ಗುಂಗುರು ಎದ್ದು ಹೋದದ್ದು ಯಾವಾಗ?

ಅಮ್ಮ ಬಸ್ ಹತ್ತಿದ ದಿನ. ಅದೇ ದಿನ, ಇದೇ ಬೆಂಚು. ವಾಸನೆ ಗೀಸನೆ ಇನ್ನೂ ಏನೂ ಇರಲಿಲ್ಲ. ಗುಂಗುರು ಹತ್ತಿರ ಸರಿದು, ಯಾರಿಗೂ ಕೇಳದ ಹಾಗೆ ಮೆತ್ತಗೆ, "ನಿಮ್ಮಮ್ಮ ಯಾವಾಗ ವಾಪಸ್ ಬರ್ತಾರೆ?" ಎಂದು ಕೇಳಿದ್ದಳು. ಕಡ್ಡಿಗೆ ಅದು ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಹೇಳಿದರೆ ಎಲ್ಲರೆದುರು ಅಳು ಬರುತ್ತಿತ್ತು. ಅದಕ್ಕೇ, "ನಿಂಗ್ಯಾಕೆ ಅದೆಲ್ಲ? ಎದ್ದು ಆ ಕಡೆ ಹೋಗು. ನನ್ನ ಪಕ್ಕ ಕೂರಬೇಡ," ಎಂದಿದ್ದಳು. ಕಡ್ಡಿ ಮುರಿದ ಹಾಗೆ.

ಗುಂಗುರು ಬ್ಯಾಗ್ ಎತ್ತಿಕೊಂಡು ಹೋಗಿದ್ದಳು.

ಅಷ್ಟೇ ಆಗಿದ್ದು. ಇಷ್ಟು ದಿನ ಅದನ್ನು ಯಾವ ಪಟ್ಟಿಯ ಕೆಳಗೆ ಮುಚ್ಚಿಟ್ಟಿದ್ದೆ ಎಂದು ಕಡ್ಡಿಗೇ ಗೊತ್ತಿರಲಿಲ್ಲ. ಪಾಪ ದೊಡ್ಡಪ್ಪ. ಎಲ್ಲ ತಪ್ಪನ್ನೂ ಅದರ ತಲೆಗೆ ಕಟ್ಟಿದ್ದಳು.

* * *

ಬ್ರೇಕ್ ಬೆಲ್ ಹೊಡೆಯಿತು. ಕ್ಲಾಸು ಅರ್ಧ ಖಾಲಿಯಾಯಿತು. ಕಡ್ಡಿ ಬ್ಯಾಗಿನಿಂದ ಬಿಸ್ಕೆಟ್ ಡಬ್ಬಿ ತೆಗೆದಳು. ಯಾಕೆ ಅದನ್ನು ಬೆಳಿಗ್ಗೆ ಬ್ಯಾಗಿಗೆ ತುರುಕಿದ್ದಳೋ ಆಗ ಅವಳಿಗೆ ಗೊತ್ತಿರಲಿಲ್ಲ.

ಗೋಡೆ ಪಕ್ಕದ ಬೆಂಚಿನಲ್ಲಿ ಮೂವರೂ ಊಟದ ಡಬ್ಬಿ ಬಿಚ್ಚುತ್ತಿದ್ದರು. ಕಡ್ಡಿ ಹೋಗಿ ಅವರ ಮುಂದೆ ನಿಂತಳು.

"ಇದು ನಿನ್ನ ಟರ್ನ್ ಆಗಿತ್ತು," ಎಂದು ಡಬ್ಬಿ ಇಟ್ಟಳು. "ನಾನು ಕೊಡ್ಲಿಲ್ಲ."

ಗುಂಗುರು ಡಬ್ಬಿಯನ್ನು ಅಲ್ಲಾಡಿಸಿದಳು. ಒಂದೇ ಒಂದು ಚೂರು ಟಿಕ್ ಎಂದಿತು. "ಖಾಲಿ ಇದೆ."

"ಎಲ್ಲ ಪುಡಿ ಮಾಡಿಬಿಟ್ಟೆ. ದೊಡ್ಡಪ್ಪನ ಟ್ಯಾಂಕ್ ಎಲ್ಲಿ ಸೋರ್ತಿದೆ ಅಂತ ಹುಡುಕಕ್ಕೆ ಬೇಕಾಗಿತ್ತು. ನಿನ್ನನ್ನ ಕೇಳ್ಲಿಲ್ಲ. ನೀಲಿ ಮಾತ್ರ ಇದೆ."

ಗುಂಗುರು ಡಬ್ಬಿಯನ್ನೇ ನೋಡುತ್ತಾ, "ನೀನೇ ಅಲ್ವಾ ಹೇಳಿದ್ದು, ಪಕ್ಕ ಕೂರಬೇಡ ಅಂತ," ಎಂದಳು.

"ಹೂಂ. ನಾನೇ ಹೇಳಿದ್ದು."

ಪಕ್ಕದ ಇಬ್ಬರು ತಿನ್ನುವುದನ್ನು ನಿಲ್ಲಿಸಿ ನೋಡುತ್ತಿದ್ದರು. ಕಡ್ಡಿಗೆ ವಾಪಸ್ ಓಡಿಹೋಗಬೇಕು ಅನ್ನಿಸಿತು. ಓಡಲಿಲ್ಲ. ಮೂರು ತಿಂಗಳ ಹಿಂದೆ ಕೇಳಿದ ಪ್ರಶ್ನೆಗೆ ಈಗ ಉತ್ತರ ಹೇಳಿದಳು.

"ಅಮ್ಮ ಯಾವಾಗ ಬರ್ತಾಳೆ ನಂಗೆ ಗೊತ್ತಿಲ್ಲ ಕಣೇ. ಇನ್ನೂ ರಜೆ ಸಿಕ್ಕಿಲ್ವಂತೆ."

ಹೇಳುವಾಗ ಕಣ್ಣು ತುಂಬಿ ಬಂತು. ಬರಲಿ ಎಂದು ಬಿಟ್ಟಳು. ಒಂದು ಹನಿ ಗಲ್ಲದ ತುದಿಯಿಂದ ಡಬ್ಬಿಯ ಮುಚ್ಚಳದ ಮೇಲೆ ಬಿತ್ತು.

ಗುಂಗುರು ಆ ಹನಿಯನ್ನು ಅಂಗೈಯಿಂದ ಒರೆಸಿದಳು. ಮುಚ್ಚಳ ತೆಗೆದು ನೀಲಿ ಚೂರನ್ನು ನೋಡಿದಳು. ಡಬ್ಬಿಯೊಳಗೆ ಮೂಗು ಇಟ್ಟು ಮೂಸಿದಳು.

"ಥೂ, ಇದಕ್ಕೂ ಡೀಸೆಲ್ ವಾಸನೆ," ಎಂದಳು.

"ಮಹಡಿ ಮೇಲೆ ಬಿಸಿಲಿಗಿಟ್ರೆ ಹೋಗುತ್ತೆ," ಎಂದಳು ಕಡ್ಡಿ.

ಗುಂಗುರು ಪಕ್ಕದವಳನ್ನು ಮೊಣಕೈಯಿಂದ ಸ್ವಲ್ಪ ತಳ್ಳಿದಳು. ಪಕ್ಕದವಳು ಗೊಣಗುತ್ತಾ ಸರಿದಳು. ಬೆಂಚಿನ ತುದಿಯಲ್ಲಿ ಒಂದು ಗೇಣಿನಷ್ಟು ಜಾಗ ಆಯಿತು. ಬೇರೆ ಯಾರಿಗೂ ಅದು ಸಾಲುತ್ತಿರಲಿಲ್ಲ.

ಕಡ್ಡಿಗೆ ಸಾಕಾಯಿತು.